ಸುರಂಗದಲ್ಲಿ ಸಿಕ್ಕಿದ ಸೇಡಿ ಮಣ್ಣು ಮದ್ದು ಹೊರುತ್ತದಂತೆ, ಹೌದಾ?

ಬಾಯಾರು ತೋಟ

ಎಲ್ಲರಿಗೂ ನಮಸ್ಕಾರ. ನೀರಿಗೆ ಅಂತ ನಮ್ಮ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಅಜ್ಜನ ಕಾಲದ್ದು. ಎರಡು ವರ್ಷದಿಂದ ಏಪ್ರಿಲ್ ಬಂದ ಕೂಡಲೇ ನೀರು ಸಪೂರ ಆಗುತ್ತಿದೆ. ಈ ಸಲ ಇನ್ನೊಂದು ನಾಲ್ಕು ಕೋಲು ಮುಂದೆ ತೋಡಿಸೋಣ ಅಂತ ಹೊರಟೆವು. ಮೂರನೇ ದಿನಕ್ಕೆ ಮುರಕಲ್ಲು (ಜಂಬಿಟ್ಟಿಗೆ) ಮುಗಿದು ಸೇಡಿ ಸಿಕ್ಕಿತು. ಬೆಳ್ಳಗೆ, ಅಲ್ಲಲ್ಲಿ ಗುಲಾಬಿ ಗೆರೆ, ಬೆರಳಲ್ಲಿ ತಿಕ್ಕಿದರೆ ಪೌಡರಿನ ಹಾಗೆ. ತೋಡುವವರು "ಇನ್ನು ಮುಂದೆ ಹೋದರೆ ಜರಿಯುತ್ತದೆ" ಎಂದು ಹಾರೆ ಕೆಳಗಿಟ್ಟರು.

ಅಕ್ಕನ ಮಗ ಮಂಗಳೂರಿನಲ್ಲಿ ಫಾರ್ಮಸಿ ಓದುತ್ತಾನೆ. ಭಾನುವಾರ ಬಂದವನು ಆ ಮಣ್ಣು ನೋಡಿ, "ಮಾವ, ಈ ಜಾತಿಯ ಮಣ್ಣಿನಲ್ಲೇ ಈಗ ಮದ್ದು ತುಂಬಿಸಿ ಹೊಟ್ಟೆಗೆ ಕಳಿಸುವ ಪ್ರಯೋಗ ನಡೀತಾ ಉಂಟು" ಎಂದ. ಊಟ ಮಾಡಿ ಬಸ್ ಹತ್ತಿ ಹೋದ. ನನಗೆ ಎರಡು ದಿನದಿಂದ ಅದೇ ತಲೆಯಲ್ಲಿ. ಮಣ್ಣು ಮದ್ದು ಹೊರುವುದು ಅಂದರೆ ಎಂತ? ಮತ್ತೆ, ಇದನ್ನು ಯಾರಾದರೂ ಕೊಳ್ಳುತ್ತಾರಾ? ನಗಬೇಡಿ. ಹಳದಿ ಎಲೆ ರೋಗ ಬಂದ ಅಡಿಕೆ ತೋಟದವನಿಗೆ ಕಂಡದ್ದೆಲ್ಲ ವ್ಯಾಪಾರ.

ಕುಂಬಳೆ ಮಾಷ್ಟ್ರು

ನಗುವುದಿಲ್ಲ. ಅಳಿಯ ಹೇಳಿದ್ದು ಸುಳ್ಳಲ್ಲ, ಪೂರ್ತಿ ಹೇಳದೆ ಬಸ್ ಹತ್ತಿದ್ದಾನೆ ಅಷ್ಟೆ.

ಮೊದಲು ಮಣ್ಣಿನ ಕತೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆ ಮಳೆ ಲಕ್ಷಾಂತರ ವರ್ಷ ಬಂಡೆಯ ಒಳಗೆ ಇಳಿದು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲ ತೊಳೆದುಕೊಂಡು ಹೋಗಿದೆ. ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಂ ಗಟ್ಟಿಯಾಗಿ ಮುರಕಲ್ಲು ಆಯಿತು. ಅದರ ಅಡಿಯಲ್ಲಿ ಬಂಡೆಯ ಫೆಲ್ಡ್‌ಸ್ಪಾರ್ ಎಂಬ ಖನಿಜ ಕೊಳೆತು ಕಯೊಲಿನೈಟ್ ಆಯಿತು. ನಿಮ್ಮ ಸೇಡಿ ಹೆಚ್ಚಿನಂಶ ಅದೇ. ಸುರತ್ಕಲ್‌ನ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜಿನವರೂ ಇದಕ್ಕೆ ಬೇರೆ ಹೆಸರು ಹುಡುಕಲು ಹೋಗಲಿಲ್ಲ, 'ಶೇಡಿ ಸಾಯಿಲ್' ಎಂದೇ ಬರೆಯುತ್ತಾರೆ. ಅವರ ತಲೆನೋವು ಬೇರೆ. ಒದ್ದೆಯಾದರೆ ಇದು ಜಾರುತ್ತದೆ, ರಸ್ತೆ, ಕಟ್ಟಡ ನಿಲ್ಲುವುದಿಲ್ಲ. ನಿಮ್ಮ ಕೆಲಸದವರು ಹಾರೆ ಇಟ್ಟದ್ದೂ ಅದಕ್ಕೇ. ಅವರ ಮಾತು ಮೀರಬೇಡಿ.

ಇನ್ನು ಹೊರುವ ವಿಷಯ. ಜೇಡಿಮಣ್ಣಿನ ಒಂದೊಂದು ಕಣವೂ ಹಪ್ಪಳದ ಅಟ್ಟಿ ಅಂತ ಇಟ್ಟುಕೊಳ್ಳಿ. ಕಯೊಲಿನೈಟ್‌ನಲ್ಲಿ ಹಪ್ಪಳಗಳು ಒಂದಕ್ಕೊಂದು ಅಂಟಿವೆ. ಹಲಸಿನ ಹಪ್ಪಳ ಸರಿ ಒಣಗದೆ ಅಟ್ಟಿ ಇಟ್ಟರೆ ಅಂಟುತ್ತದಲ್ಲ, ಹಾಗೆ. ನಡುವೆ ಮದ್ದು ನುಗ್ಗಲು ಜಾಗ ಇಲ್ಲ. ಮಾಂಟ್‌ಮೊರಿಲೊನೈಟ್ ಅಂತ ಇನ್ನೊಂದು ಜಾತಿ, ಬೆಂಟೊನೈಟ್ ಮಣ್ಣಿನಲ್ಲಿ ಇರುವುದು ಅದೇ. ಅದರ ಹಪ್ಪಳಗಳ ನಡುವೆ ನೀರು ಹೋಗುತ್ತದೆ, ಅಟ್ಟಿ ಉಬ್ಬುತ್ತದೆ. ಹಪ್ಪಳದ ಮೈಗೆ ಋಣ ವಿದ್ಯುತ್ತು. ಹಾಗಾಗಿ ಧನ ವಿದ್ಯುತ್ತು ಇರುವ ಕಣಗಳು ಬಂದು ನಡುವೆ ಕೂರುತ್ತವೆ. ಎಷ್ಟು ಕೂರಬಹುದು ಅಂತ ಅಳೆಯಲಿಕ್ಕೆ ಒಂದು ಲೆಕ್ಕ ಉಂಟು. 100 ಗ್ರಾಂ ಕಯೊಲಿನೈಟ್‌ಗೆ 3ರಿಂದ 15 ಮಿಲಿ ಈಕ್ವಿವಲೆಂಟ್, ಮಾಂಟ್‌ಮೊರಿಲೊನೈಟ್‌ಗೆ 80ರಿಂದ 120. ಅಂದರೆ ನಿಮ್ಮ ಸೇಡಿ ಬಡವ.

ಬಾಯಾರು ತೋಟ

ನನ್ನ ಮಣ್ಣೂ ಬಡವ, ನಾನೂ ಬಡವ. ಸರಿ ಉಂಟು ಜೋಡಿ 😄

ಹೊಸದುರ್ಗ

ವ್ಯಾಪಾರದ ಮಾತಿಗೆ ನಾನು ಉತ್ತರ ಕೊಡುತ್ತೇನೆ. ಕೇರಳದಲ್ಲಿ ಚೈನಾ ಕ್ಲೇ, ಅಂದರೆ ಕಯೊಲಿನ್ ಮಣ್ಣು, ಸಿಗುವ ದೊಡ್ಡ ಪಟ್ಟಿ ಎರಡು. ಒಂದು ತಿರುವನಂತಪುರ–ಕೊಲ್ಲಂ ಕಡೆ, ಇನ್ನೊಂದು ಕಣ್ಣೂರು–ಕಾಸರಗೋಡು ಕಡೆ. ಪಿಂಗಾಣಿ, ಕಾಗದ, ಪೈಂಟ್, ರಬ್ಬರ್, ಎಲ್ಲದಕ್ಕೂ ಬೇಕು. ಆದರೆ ಪರ್ಮಿಟ್ ಇಲ್ಲದೆ ಒಂದು ಪಿಕಪ್ ತುಂಬಿಸಿದರೂ ಕೇಸ್ ಆಗುತ್ತದೆ. ಮತ್ತೆ ಸುರಂಗದ ಒಳಗಿನ ಮಣ್ಣು ತೆಗೆದು ಮಾರಿ, ಸುರಂಗವೇ ಬಿದ್ದರೆ ಬೇಸಗೆಯಲ್ಲಿ ಎಂತ ಕುಡಿಯುತ್ತೀರಿ?

ಮಂಜೇಶ್ವರ ಎಂಫಾರ್ಮ್

ಈ ವಿಷಯದಲ್ಲೇ ನಾನು ಒಂದು ವರ್ಷ ಕೈ ಸುಟ್ಟುಕೊಂಡವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮಾಷ್ಟ್ರು ಹೇಳಿದ ಹಪ್ಪಳವನ್ನೇ ಮುಂದುವರಿಸುತ್ತೇನೆ. ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಲವೊಮ್ಮೆ ಸುರುಟಿಕೊಳ್ಳುತ್ತದೆ ಅಲ್ವಾ? ಕಯೊಲಿನೈಟ್‌ನ ತಮ್ಮ ಒಬ್ಬ ಇದ್ದಾನೆ, ಹ್ಯಾಲೊಯ್ಸೈಟ್. ಅವನು ಹಾಗೆ ಸುರುಟಿಕೊಂಡು ನಳಿಗೆಯಾದವನು. ಹೊರಗಿನ ಅಡ್ಡಳತೆ ಸುಮಾರು 50 ನ್ಯಾನೋಮೀಟರ್, ಒಳಗಿನ ತೂತು ಸುಮಾರು 15. ಉದ್ದ ಒಂದು ಮೈಕ್ರಾನ್ ಆಸುಪಾಸು. ಚಂದ ಎಂತ ಅಂದರೆ, ಹೊರಮೈ ಸಿಲಿಕಾ, ಋಣ. ಒಳಮೈ ಅಲ್ಯೂಮಿನಾ, ಧನ. ಒಂದೇ ಕಣಕ್ಕೆ ಎರಡು ಸ್ವಭಾವ. ನಾನು ತೆಗೆದುಕೊಂಡದ್ದು ಡಿಕ್ಲೊಫೆನಾಕ್ ಸೋಡಿಯಂ, ನಾವೆಲ್ಲ ಸೊಂಟ ನೋವಿಗೆ ನುಂಗುವುದು. ನೀರಿನಲ್ಲಿ ಅದು ಋಣ ಕಣ. ಒಳಗಿನ ಧನ ತೂತಿಗೆ ಸರಿಯಾಗಿ ಹೋಗಿ ಕೂರಬೇಕು. ಲೆಕ್ಕದಲ್ಲಿ.

ತುಂಬಿಸುವುದು ಹೀಗೆ: ಮದ್ದಿನ ದ್ರಾವಣಕ್ಕೆ ಮಣ್ಣಿನ ಪುಡಿ ಹಾಕಿ, ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟು ಪಂಪಿನಿಂದ ಗಾಳಿ ಎಳೆಯುತ್ತೇವೆ. ನಳಿಗೆಯ ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಬರುತ್ತದೆ. ಮತ್ತೆ ಗಾಳಿ ಬಿಟ್ಟಾಗ ದ್ರಾವಣ ಒಳಗೆ ನುಗ್ಗುತ್ತದೆ. ಎರಡು ಮೂರು ಸಲ ಇದನ್ನೇ ಮಾಡಿ, ತೊಳೆದು, ಒಣಗಿಸುವುದು. ನಮಗೆ 100 ಮಿಲಿಗ್ರಾಂ ಪುಡಿಯಲ್ಲಿ 9, 10 ಮಿಲಿಗ್ರಾಂ ಮದ್ದು ಸಿಕ್ಕಿತು. ತೂತು ದೊಡ್ಡದು ಮಾಡಿದರೆ ಜಾಸ್ತಿ ಹಿಡಿಯುತ್ತದೆ. ಅದಕ್ಕೆ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಬಿಸಿ ಮಾಡಿ ಒಳಗಿನ ಅಲ್ಯೂಮಿನಾ ಸ್ವಲ್ಪ ಕೊರೆಯುತ್ತಾರೆ. ಜಾಸ್ತಿ ಹೊತ್ತು ಬಿಟ್ಟರೆ ನಳಿಗೆಯೇ ಹೋಗಿ ಬರೀ ಸಿಲಿಕಾ ಪುಡಿ ಉಳಿಯುತ್ತದೆ. ಒಂದು ಬ್ಯಾಚ್ ಹಾಗೆ ಕಳೆದುಕೊಂಡೆ. ರಾತ್ರಿ ಮೆಸ್‌ಗೆ ಹೋಗಿ ಮರೆತಿದ್ದೆ.

ಇಷ್ಟು ಆದ ಮೇಲೆ ಬಿಡುವ ಪರೀಕ್ಷೆ. 37 ಡಿಗ್ರಿ ನೀರಿನಲ್ಲಿಟ್ಟು ಗಂಟೆ ಗಂಟೆಗೆ ಎಷ್ಟು ಮದ್ದು ಹೊರಬಂತು ನೋಡಬೇಕು. ಅರ್ಧ ಗಂಟೆಯಲ್ಲೇ ಮುಕ್ಕಾಲು ಪಾಲು ಬಂದಾಯಿತು! ಮದ್ದು ತೂತಿನ ಒಳಗೆ ಹೋಗಿದ್ದು ಕಡಿಮೆ, ಹೊರಗೆ ಅಂಟಿಕೊಂಡದ್ದೇ ಜಾಸ್ತಿ. ಗೈಡ್ ಏನೂ ಹೇಳಲಿಲ್ಲ. ಅದು ಇನ್ನೂ ಕಷ್ಟ.

ಮತ್ತೆ ಕೈಟೊಸಾನ್ ಹೊದಿಕೆ ಹಾಕಿದೆವು. ಸಿಗಡಿ ಸಿಪ್ಪೆಯಿಂದ ಮಾಡುವ ವಸ್ತು ಅದು, ಧನ ವಿದ್ಯುತ್ತಿನದ್ದು. ಹೊರಗಿನ ಋಣ ಮೈಗೆ ತಾನಾಗಿ ಅಂಟುತ್ತದೆ. ಈಗ ನಿಧಾನ ಆಯಿತು. ಆದರೆ ಕೈಟೊಸಾನ್ ಆಸಿಡ್‌ನಲ್ಲಿ ಕರಗುತ್ತದೆ, ಅಂದರೆ ಜಠರದಲ್ಲೇ ಹೊದಿಕೆ ಬಿಚ್ಚುತ್ತದೆ. ಅದಕ್ಕೆ ಮೇಲಿನಿಂದ ಆಲ್ಜಿನೇಟ್, ಕಡಲ ಪಾಚಿಯದ್ದು. ಅದು ಆಸಿಡ್‌ನಲ್ಲಿ ಬಿಗಿಯಾಗಿ ಕೂತು, ಕರುಳಿನಲ್ಲಿ ಉಬ್ಬಿ ಬಿಡುತ್ತದೆ. ಮಣ್ಣು, ಸಿಗಡಿ, ಪಾಚಿ. ನೋಡಿದರೆ ನಮ್ಮ ಕಡಲ ಕರೆಯ ಊಟದ ಹಾಗೆ ಉಂಟು.

ಮಣ್ಣಿಗೆ ಮದ್ದು ಹೊರಿಸುವುದು ಒಂದು ವಾರದ ಕೆಲಸ. ಸರಿಯಾದ ಜಾಗದಲ್ಲಿ ಇಳಿಸು ಅಂತ ಅದಕ್ಕೆ ಕಲಿಸಲು ನನಗೆ ಉಳಿದ ಹನ್ನೊಂದು ತಿಂಗಳು ಬೇಕಾಯಿತು.

ಬಾಯಾರು ತೋಟ

ತಡೆಯಿರಿ. ಇದು ನಮಗೆ ಗೊತ್ತಿರುವ ಕೆಲಸವೇ ಅಲ್ವಾ?

ಕಂಗಿಗೆ, ಅಂದರೆ ಅಡಿಕೆ ಮರಕ್ಕೆ, ಮದ್ದು ಬಿಡುವುದು. ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಗೇ ನೀರಲ್ಲಿ ಕರಗಿಸಿ ಹೊಡೆದರೆ ಎಳೆ ಸಿಂಗಾರ ಸುಟ್ಟು ಹೋಗುತ್ತದೆ, ಮೊದಲ ಮಳೆಗೆ ತೊಳೆದೂ ಹೋಗುತ್ತದೆ. ಅದಕ್ಕೇ ಸುಣ್ಣ. 100 ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ತುತ್ತನ್ನು ಹಿಡಿದುಕೊಳ್ಳುತ್ತದೆ. ಗೊನೆಯ ಮೇಲೆ ಕೂತು ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಕೊಳೆರೋಗ ಹತ್ತಿರ ಬರುವುದಿಲ್ಲ. ಮಳೆ ಜಾಸ್ತಿ ಇದ್ದರೆ ಅಂಟಲಿಕ್ಕೆ ರಾಳ. ನಿಮ್ಮ ಕೈಟೊಸಾನ್ ನಮ್ಮ ರಾಳ!

ಕುಂಬಳೆ ಮಾಷ್ಟ್ರು

ಇಷ್ಟು ಚೆನ್ನಾಗಿ ನಾನು ಪ್ಲಸ್ ಟು ಕ್ಲಾಸಿನಲ್ಲಿ ಯಾವತ್ತೂ ಹೇಳಲಿಲ್ಲ. ಪೂರ್ತಿ ಸರಿ. ತಾಮ್ರ ಅಲ್ಲಿ ಕರಗದ ರೂಪದಲ್ಲಿ ಕೂತಿರುತ್ತದೆ, ಮಳೆನೀರು ಮತ್ತು ಶಿಲೀಂಧ್ರದ ರಸ ತಾಗಿದಾಗ ಚೂರು ಚೂರೇ ಕರಗುತ್ತದೆ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಈ ಪಾಕವನ್ನು ದ್ರಾಕ್ಷಿ ರೋಗಕ್ಕೆ ಅಂತ ಪ್ರಕಟಿಸಿದ್ದು. ಕತ್ತಿ ಅದ್ದಿ ನೋಡುತ್ತೀರಲ್ಲ, ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ. ಅದು ನಿಮ್ಮ ಬಿಡುವ ಪರೀಕ್ಷೆ.

ಒಂದೇ ವ್ಯತ್ಯಾಸ. ಗೊನೆಯ ಮೇಲೆ ಹೆಚ್ಚು ಕಡಿಮೆ ಆದರೆ ಒಂದು ಗೊನೆ ಹೋಗುತ್ತದೆ.

ಗುಳಿಗೆ ಅಂಗಡಿ

ಬದಿಯಡ್ಕದಲ್ಲಿ ಮೆಡಿಕಲ್ ಇಟ್ಟವನು ನಾನು. ಎಂಫಾರ್ಮ್ ತಮ್ಮ ಹೇಳಿದ್ದು ಮುಂದಿನ ಕಾಲದ ಮಾತು. ಹೆಚ್ಚಿನದು ಇನ್ನೂ ಪ್ರಯೋಗಾಲಯದಲ್ಲೇ ಉಂಟು. ಆದರೆ ಮಣ್ಣು ನಮ್ಮ ಶೆಲ್ಫಿನಲ್ಲಿ ಈಗಲೇ ಉಂಟು ಅಂತ ಯಾರಿಗೆ ಗೊತ್ತು? ತುರಿಕೆಗೆ ಹಚ್ಚುವ ಕ್ಯಾಲಮೈನ್ ಲೋಷನ್. ಬ್ರಿಟಿಷ್ ಫಾರ್ಮಕೊಪಿಯದ ಪಾಕದಲ್ಲಿ 100 ಮಿಲಿಲೀಟರಿಗೆ 15 ಗ್ರಾಂ ಕ್ಯಾಲಮೈನ್, 5 ಗ್ರಾಂ ಜಿಂಕ್ ಆಕ್ಸೈಡ್, 3 ಗ್ರಾಂ ಬೆಂಟೊನೈಟ್. ಆ 3 ಗ್ರಾಂ ಮಣ್ಣು ಇಲ್ಲದಿದ್ದರೆ ಉಳಿದದ್ದು ತಳದಲ್ಲಿ ಕಲ್ಲಾಗುತ್ತದೆ. ಕುಲುಕಿದಾಗ ತೆಳ್ಳಗೆ, ಇಟ್ಟಾಗ ಗಟ್ಟಿ, ಇದು ಬೆಂಟೊನೈಟ್‌ನ ಗುಣ.

ನಿಧಾನವಾಗಿ ಬಿಡುವ ಗುಳಿಗೆಯ ಬಗ್ಗೆ ಒಂದು ಮಾತು, ದಿನಾ ಹೇಳಿ ಸಾಕಾಗಿದೆ. ಹೆಸರಿನ ಕೊನೆಯಲ್ಲಿ ಎಸ್ಆರ್, ಇಆರ್, ಎಕ್ಸ್ಎಲ್ ಅಂತ ಇದ್ದರೆ ಕೇಳದೆ ತುಂಡು ಮಾಡಬೇಡಿ, ಗುದ್ದಬೇಡಿ. ಇಡೀ ದಿನದ್ದು ಒಂದೇ ಸಲ ಇಳಿಯುತ್ತದೆ. ಮೊನ್ನೆ ಒಬ್ಬರು ಅಮ್ಮನನ್ನು ಕರೆದುಕೊಂಡು ಬಂದರು. "ಸಕ್ಕರೆ ಗುಳಿಗೆ ಕರಗುವುದೇ ಇಲ್ಲ, ಹಾಗೇ ಹೊರಗೆ ಹೋಗುತ್ತದೆ, ಡೂಪ್ಲಿಕೇಟ್ ಕೊಟ್ಟಿದ್ದೀರಿ" ಅಂತ ಜಗಳ. ಮೆಟ್‌ಫಾರ್ಮಿನ್‌ನ ನಿಧಾನದ ಗುಳಿಗೆ ಅದು. ಮದ್ದು ಇಳಿದು ಆಗಿರುತ್ತದೆ, ಹೊರಗೆ ಕಾಣುವುದು ಬರೀ ಸಿಪ್ಪೆ. ಹೊರೆ ಇಳಿಸಿ ಬುಟ್ಟಿ ಮಾತ್ರ ವಾಪಸ್ ಬಂದ ಹಾಗೆ.

ಮಂಜೇಶ್ವರ ಎಂಫಾರ್ಮ್

ಮೆಟ್‌ಫಾರ್ಮಿನ್ ಹೇಳಿದಿರಿ, ಅದಕ್ಕೆ ಮಣ್ಣಿನ ಬುಟ್ಟಿಯನ್ನೂ ಜನ ಪ್ರಯತ್ನ ಮಾಡಿದ್ದಾರೆ. ಅದು ಧನ ಕಣ, ಮಾಂಟ್‌ಮೊರಿಲೊನೈಟ್‌ನ ನಡುವೆ ಸುಲಭವಾಗಿ ಕೂರುತ್ತದೆ. ಭಾವನಗರದ ಸಿಎಸ್‌ಎಂಸಿಆರ್‌ಐ ಎಂಬ ಸಂಶೋಧನಾ ಸಂಸ್ಥೆಯವರು ಹೀಗೇ ಟಿಮೊಲಾಲ್ ಎಂಬ ಮದ್ದನ್ನು ಮಾಂಟ್‌ಮೊರಿಲೊನೈಟ್‌ನಲ್ಲಿ ಕೂರಿಸಿ 2009ರಲ್ಲಿ ಬರೆದಿದ್ದಾರೆ. ಗುಜರಾತ್, ರಾಜಸ್ಥಾನದಲ್ಲಿ ಬೆಂಟೊನೈಟ್ ಧಾರಾಳ.

ಉಪ್ಪಳ ವೆಲ್‌ನೆಸ್

ಇಷ್ಟೆಲ್ಲ ಕೆಮಿಕಲ್ ಯಾಕೆ? ನಮ್ಮ ಹಿರಿಯರು ಮಣ್ಣನ್ನೇ ಮದ್ದು ಮಾಡಿದವರು. ನಾನು ಜಿಯೋಲೈಟ್ ಎಂಬ ಖನಿಜದ ಪುಡಿ ಕೊಡುತ್ತೇನೆ. 100% ನ್ಯಾಚುರಲ್, ಮೈಯಲ್ಲಿರುವ ವಿಷ ಎಲ್ಲ ಹೀರಿ ಹೊರಗೆ ಹಾಕುತ್ತದೆ. ಬೇಕಾದವರು ಇನ್‌ಬಾಕ್ಸ್ ಮಾಡಿ.

ಗುಳಿಗೆ ಅಂಗಡಿ

ಇನ್‌ಬಾಕ್ಸ್ ಬೇಡ, ಇಲ್ಲೇ ಹೇಳಿ. ವಿಷ ಯಾವುದು, ಪೌಷ್ಟಿಕ ಯಾವುದು ಅಂತ ನಿಮ್ಮ ಪುಡಿಗೆ ಹೇಗೆ ಗೊತ್ತಾಗುತ್ತದೆ? ಮಣ್ಣಿಗೆ ಗೊತ್ತಿರುವುದು ಧನ, ಋಣ ಅಷ್ಟೇ. ನನ್ನ ಗಿರಾಕಿ ಟೆಟ್ರಾಸೈಕ್ಲಿನ್ ಗುಳಿಗೆಯ ಜೊತೆ ನಿಮ್ಮ ಪುಡಿ ಕುಡಿದರೆ ಆ ಗುಳಿಗೆಯನ್ನೂ ಅದು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಕಯೊಲಿನ್ ಅಥವಾ ಗ್ಯಾಸಿನ ಮದ್ದು ತೆಗೆದುಕೊಳ್ಳುವವರಿಗೆ "ಬೇರೆ ಗುಳಿಗೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ" ಅಂತ ನಾವು ಹೇಳುವುದು ಸುಮ್ನೆ ಅಲ್ಲ.

ನೀರ್ಚಾಲು ಅಕ್ಕ

ನಾನು ಮೂವತ್ತು ವರ್ಷ ನರ್ಸ್ ಆಗಿದ್ದವಳು. ಹಿರಿಯರ ಹೆಸರು ತೆಗೆದರಲ್ಲ, ಅದಕ್ಕೆ ಬರೆಯುತ್ತೇನೆ.

ನಮ್ಮ ಅಜ್ಜಿಯೂ ಹೊಟ್ಟೆ ಕೆಟ್ಟಾಗ ಸೇಡಿ ಕದಡಿದ ತಿಳಿನೀರು ಕೊಡುತ್ತಿದ್ದರು. ಅದರಲ್ಲಿ ಅರ್ಥ ಇಲ್ಲ ಅಂತಲ್ಲ. ಭೇದಿಗೆ ಕಯೊಲಿನ್ ಕೊಡುವ ರೂಢಿ ದೊಡ್ಡ ಆಸ್ಪತ್ರೆಗಳಲ್ಲೂ ಇತ್ತು. ಸ್ಮೆಕ್ಟೈಟ್, ಅಂದರೆ ಮಾಂಟ್‌ಮೊರಿಲೊನೈಟ್ ಜಾತಿಯ ಮಣ್ಣಿನ ಪುಡಿ, ಈಗಲೂ ಬೇರೆ ದೇಶಗಳಲ್ಲಿ ಮದ್ದು. ಆದರೆ ಆ ಮದ್ದು ಜಾಸ್ತಿ ಬಳಸುವ ಫ್ರಾನ್ಸಿನಲ್ಲೇ 2019ರಲ್ಲಿ ಅಲ್ಲಿನ ಔಷಧ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬೇಡಿ ಅಂತ ಹೇಳಿತು. ಯಾಕೆ? ನೆಲದಿಂದ ತೆಗೆದ ಮಣ್ಣಲ್ವಾ, ಚೂರು ಸೀಸ ಇರುತ್ತದೆ. ಶುದ್ಧ ಮಾಡಿ ಪ್ಯಾಕೆಟ್ ಮಾಡಿದ ಮಣ್ಣಿನ ಕತೆಯೇ ಹಾಗಾದರೆ ಇನ್‌ಬಾಕ್ಸಿನಲ್ಲಿ ಮಾರುವ ಮಣ್ಣಿನದ್ದು? ಮಗುವಿಗೆ ಭೇದಿಯಾದರೆ ಓಆರ್‌ಎಸ್ ಮತ್ತು ಸತುವಿನ ಗುಳಿಗೆ. ಮಣ್ಣು ಬೇಡ.

ಇನ್ನೊಂದು ನೆನಪು, ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದ ಹೊಸತು. ಹೆರಿಗೆ ಮನೆಯಲ್ಲೇ ಆಗಿ, ಹೊಕ್ಕುಳಿಗೆ ಮಣ್ಣು, ಬೂದಿ ಹಚ್ಚಿ, ಎಂಟನೇ ದಿನ ಬಾಯಿ ಬಿಡಲಾಗದೆ ಬಂದ ಶಿಶುವನ್ನು ಕಂಡಿದ್ದೇನೆ. ಧನುರ್ವಾಯು. ಬದುಕಲಿಲ್ಲ. ಮಣ್ಣಿನಲ್ಲಿ ಅದರ ಬೀಜಾಣು ಇರುತ್ತದೆ. ಮೈಗೆ ಉದುರಿಸುವ ಕಯೊಲಿನ್ ಪುಡಿಯನ್ನು ಕ್ರಿಮಿಶುದ್ಧ ಮಾಡಿಯೇ ಬಳಸಬೇಕು ಅಂತ ನಿಯಮ ಬಂದದ್ದೂ ಇದಕ್ಕೇ.

ಬಾಯಾರು ತೋಟ

ಅಕ್ಕ, ಓದಿ ಮೈ ಜುಮ್ ಅಂತು. ಸೇಡಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡುತ್ತೇನೆ. ಒಂದು ಸಂಶಯ. ಹೊಟ್ಟೆಗೆ, ಚರ್ಮಕ್ಕೆ ಸರಿ. ನರಕ್ಕೆ ಇಂಜೆಕ್ಷನ್ ಮಾಡುವ ಮದ್ದನ್ನೂ ಮಣ್ಣಿನಲ್ಲಿ ಕಳಿಸುತ್ತಾರಾ? ಕ್ಯಾನ್ಸರಿಗೆ ಅಂತ ಅಳಿಯ ಏನೋ ಹೇಳಿದ.

ನೀರ್ಚಾಲು ಅಕ್ಕ

ಅದಕ್ಕೆ ರಕ್ತ ಪರೀಕ್ಷೆಯ ಕೋಣೆಗೆ ಹೋಗಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುವ ಎಪಿಟಿಟಿ ಪರೀಕ್ಷೆ ಇದೆ. ಅದರಲ್ಲಿ ಹೆಪ್ಪು ಶುರು ಮಾಡಿಸಲು ಬಳಸುವ ಪುಡಿಗಳಲ್ಲಿ ಒಂದು ಕಯೊಲಿನ್. ಅಮೆರಿಕದ ಸೈನ್ಯದವರು ಗಾಯಕ್ಕೆ ಮೊದಲು ಜಿಯೋಲೈಟ್ ಹರಳು ಸುರಿಯುತ್ತಿದ್ದರು. ರಕ್ತ ನಿಲ್ಲುತ್ತಿತ್ತು, ಆದರೆ ಅದು ನೀರು ಹೀರುವಾಗ ಬಿಸಿಯಾಗಿ ಗಾಯ ಸುಡುತ್ತಿತ್ತು. 2008ರಿಂದ ಕಯೊಲಿನ್ ಹಾಕಿದ ಗಾಜ್ ಬಟ್ಟೆ ಬಂತು. ಗಾಯದ ಮೇಲೆ ವರವಾದ ಆ ಗುಣವೇ ರಕ್ತನಾಳದ ಒಳಗೆ ಶಾಪ ಅಲ್ವಾ?

ಮಂಜೇಶ್ವರ ಎಂಫಾರ್ಮ್

ಅಕ್ಕ ಹೇಳಿದ್ದೇ. ಕ್ಯಾನ್ಸರಿನ ಮದ್ದು ಫೈವ್ ಫ್ಲೋರೊಯುರಾಸಿಲ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 10ರಿಂದ 20 ನಿಮಿಷ ಸಾಕು. ನಿಧಾನವಾಗಿ ಬಿಡುವ ಬುಟ್ಟಿ ಸಿಕ್ಕಿದರೆ ಎಷ್ಟು ಒಳ್ಳೆಯದು ಅಂತ ಎಲ್ಲರಿಗೂ ಆಸೆ. ಆದರೆ ಮಣ್ಣಿನ ಕಣ ರಕ್ತದಲ್ಲಿ ಕರಗುವುದಿಲ್ಲ. ಮದ್ದು ಇಳಿಸಿದ ಮೇಲೆ ಆ ಬುಟ್ಟಿ ಎಲ್ಲಿಗೆ ಹೋಗಬೇಕು? ಹೊಟ್ಟೆಯಾದರೆ ದಾರಿ ಉಂಟು. ಹಾಗಾಗಿ ಬಾಯಿಯ ಮದ್ದು, ಗಾಯದ ಪಟ್ಟಿ, ಮುಲಾಮು, ಇಲ್ಲಿಯೇ ಮಣ್ಣಿಗೆ ಮೊದಲು ಕೆಲಸ ಸಿಗಬಹುದು ಅಂತ ನನ್ನ ಅಂದಾಜು.

'ನ್ಯಾಚುರಲ್' ಅಂತ ಹೆಮ್ಮೆ ಪಡುವವರಿಗೆ ಇನ್ನೊಂದು. ಋಣ ಮದ್ದನ್ನು ಋಣ ಮಣ್ಣಿಗೆ ಹೊರಿಸಬೇಕಾದರೆ ಮಣ್ಣಿನ ಮೈ ತಿರುಗಿಸಬೇಕು. ಅದಕ್ಕೆ ಉದ್ದ ಬಾಲದ ಅಮೋನಿಯಂ ಸೋಪುಗಳನ್ನು ಹಿಡಿಸುತ್ತಾರೆ. ಆ ಸೋಪುಗಳು ಜೀವಕೋಶಕ್ಕೆ ಒಳ್ಳೆಯದಲ್ಲ. ಸರಿ ತೊಳೆಯದಿದ್ದರೆ ಮದ್ದಿಗಿಂತ ಬುಟ್ಟಿಯೇ ಜಾಸ್ತಿ ವಿಷ. ಗುಡ್ಡದಿಂದ ಬಂದ ಮಣ್ಣು ನಮ್ಮ ಕೈ ಸೇರಿದ ಮೇಲೆ ಎಷ್ಟು ಗುಡ್ಡದ್ದಾಗಿ ಉಳಿಯಿತು?

ಮತ್ತೆ, ಮಣ್ಣು ಎರಡು ಮಾರು ಆಚೆ ತೋಡಿದರೆ ಬೇರೆ. ಕಾರ್ಖಾನೆಯ ಗುಳಿಗೆ ಪ್ರತಿ ಬ್ಯಾಚೂ ಒಂದೇ ತರ ಇರಬೇಕು. ಇದೇ ದೊಡ್ಡ ಗೋಡೆ.

ಹೊಸದುರ್ಗ

ಉಪ್ಪಳದವರು ಆನ್‌ಲೈನ್ ಇದ್ದಾರೆ, ಉತ್ತರ ಇಲ್ಲ 🙂

ಕುಂಬಳೆ ಮಾಷ್ಟ್ರು

ಶನಿವಾರ ಬಾಯಾರಿನವರು ಒಂದು ತೊಟ್ಟೆ ಸೇಡಿ ತಂದುಕೊಟ್ಟರು. ಮಕ್ಕಳ ಜೊತೆ ಮಾಡಿದ್ದನ್ನು ಹೇಳುತ್ತೇನೆ.

ಮೆಡಿಕಲ್‌ನಿಂದ ಜೆನ್ಶಿಯನ್ ವಯೊಲೆಟ್, ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಮದ್ದು. ಅದರ ಬಣ್ಣವೇ ಧನ ಕಣ. ಎರಡು ಲೋಟ ನೀರಿಗೆ ಹನಿ ಹನಿ ಹಾಕಿದೆವು. ಒಂದಕ್ಕೆ ಸೇಡಿ ಒಂದು ಚಮಚ. ಇನ್ನೊಂದಕ್ಕೆ ಬೆಕ್ಕಿನ ಪೆಟ್ಟಿಗೆಗೆ ಹಾಕುವ ಬೆಂಟೊನೈಟ್, ಒಬ್ಬಳ ಅಣ್ಣ ಗಲ್ಫಿನಿಂದ ಬಂದವನು ಬೆಕ್ಕು ಸಾಕಿದ್ದಾನೆ, ಅವನ ದಯೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬೆಂಟೊನೈಟ್ ಲೋಟದ ನೀರು ತಿಳಿಯಾಗಿತ್ತು, ತಳದಲ್ಲಿ ನೇರಳೆ ಕೆಸರು. ಸೇಡಿಯ ಲೋಟದಲ್ಲಿ ಬಣ್ಣ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಬಡವ ಅಂದೆನಲ್ಲ.

ಆಮೇಲೆ ತಿಳಿನೀರು ಚೆಲ್ಲಿ ಕೆಸರಿಗೆ ಉಪ್ಪುನೀರು ಹಾಕಿದೆವು. ಸೋಡಿಯಂ ಹೋಗಿ ಬಣ್ಣವನ್ನು ಎಬ್ಬಿಸಿ ತಾನು ಕೂರಬೇಕು ಅಂತ ನಾನು ಬೋರ್ಡಿನಲ್ಲಿ ಬರೆದಿದ್ದೆ. ಬಣ್ಣ ಎದ್ದೇ ಬರಲಿಲ್ಲ. ಮಕ್ಕಳಿಗೆ ನಗು. ಸರ್ಜಿಕಲ್ ಸ್ಪಿರಿಟ್ ಹಾಕಿದಾಗ ಸ್ವಲ್ಪ ನೇರಳೆ ಬಂತು. ಹೊಟ್ಟೆಯಲ್ಲಿ ಸ್ಪಿರಿಟ್ ಇರುವುದಿಲ್ಲ ತಾನೇ, ಅಂತ ಹಿಂದಿನ ಬೆಂಚಿನವನು.

ಮಂಜೇಶ್ವರ ಎಂಫಾರ್ಮ್

ಹಿಂದಿನ ಬೆಂಚಿನವನನ್ನು ನಮ್ಮ ಲ್ಯಾಬಿಗೆ ಕಳಿಸಿ ಮಾಷ್ಟ್ರೇ. ನನ್ನದು ಅರ್ಧ ಗಂಟೆಯಲ್ಲಿ ಮುಕ್ಕಾಲು ಪಾಲು ಬಿಟ್ಟಿತು, ನಿಮ್ಮದು ಬಿಡುವುದೇ ಇಲ್ಲ. ಇವೆರಡರ ನಡುವಿನ ಜಾಗ ಹುಡುಕುವುದಕ್ಕೇ ನಮಗೆ ಸ್ಟೈಪೆಂಡ್.

ಬಾಯಾರು ತೋಟ

ನಮ್ಮ ಸುದ್ದಿ. ಸೇಡಿಯನ್ನು ಬಿಟ್ಟು ಎಡಕ್ಕೆ ತಿರುಗಿಸಿ ತೋಡಿಸಿದೆವು, ಗಟ್ಟಿ ಮುರಕಲ್ಲು ಇರುವ ಕಡೆ. ನಿನ್ನೆ ಸಂಜೆ ನೀರು ಸಿಕ್ಕಿತು! ಕಿರುಬೆರಳು ದಪ್ಪ. ಆದರೆ ಹಾಲಿನ ಹಾಗೆ ಬೆಳ್ಳಗೆ ಬರುತ್ತಾ ಉಂಟು. ಬಾಲ್ದಿಯಲ್ಲಿ ಇಡೀ ರಾತ್ರಿ ಇಟ್ಟರೂ ತಿಳಿಯಾಗಲಿಲ್ಲ.

ಕುಂಬಳೆ ಮಾಷ್ಟ್ರು

ಆಗುವುದಿಲ್ಲ. ಎಲ್ಲ ಕಣವೂ ಋಣ, ಒಂದನ್ನೊಂದು ದೂಡುತ್ತವೆ, ತಳಕ್ಕೆ ಕೂರುವುದಿಲ್ಲ. ಪಟಿಕದ ತುಂಡು ತೆಗೆದುಕೊಂಡು ಬಾಲ್ದಿಯೊಳಗೆ ನಾಲ್ಕು ಸುತ್ತು ತಿರುಗಿಸಿ. ಅದರ ಅಲ್ಯೂಮಿನಿಯಂ ಧನ, ಕಣಗಳನ್ನು ಒಟ್ಟುಮಾಡಿ ಕೂರಿಸುತ್ತದೆ.

ನೀರ್ಚಾಲು ಅಕ್ಕ

ಪಟಿಕ ಹಾಕಿ ತಿಳಿಯಾದರೂ ಕುದಿಸಿಯೇ ಕುಡಿಯಿರಿ. ಒಂದೆರಡು ವಾರ ತೋಟಕ್ಕೇ ಬಿಡಿ.

ಬಾಯಾರು ತೋಟ

ಆಯಿತು ಅಕ್ಕ. ಈಗ ಪೈಪ್ ಕಂಗಿನ ಬುಡಕ್ಕೆ ತಿರುಗಿಸಿದೆ.